ನಲವತ್ತೊಂದು ಅಡ್ಡಗೀಟು

ಹತ್ತು ಗಂಟೆ ಐವತ್ತೆರಡು ನಿಮಿಷಕ್ಕೆ ನಲವತ್ತೊಂದು ಮಕ್ಕಳು ಒಟ್ಟಿಗೇ ತಾವು ಬರೆದ ಸರಿಯುತ್ತರಕ್ಕೆ ಅಡ್ಡಗೀಟು ಎಳೆದರು.

ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಯಾರೂ ಕೆಮ್ಮಲಿಲ್ಲ, ಬೆಂಚು ತಟ್ಟಲಿಲ್ಲ, ಕಿಟಕಿಯ ಕಡೆ ಕತ್ತು ಹೊರಳಿಸಲಿಲ್ಲ. ಪರೀಕ್ಷಾ ಕೊಠಡಿಯ ಚಾವಣಿಯಲ್ಲಿದ್ದ ಕ್ಯಾಮೆರಾಗಳು ಹಿಡಿದಿಟ್ಟದ್ದು ಇಷ್ಟೆ: ಪೆನ್ನುಗಳು ಓಡುತ್ತಿದ್ದವು, ನಿಂತವು, ಹಿಂದಕ್ಕೆ ಬಂದವು, ಗೀಟೆಳೆದವು. ಆಮೇಲೆ ಅದೇ ಲೆಕ್ಕವನ್ನು ಬೇರೆ ಥರ, ತಪ್ಪಾಗಿ, ಮಾಡತೊಡಗಿದವು.

"ಇನ್ನೊಂದ್ಸಲ ಹಾಕು," ಅಂದಳು ಜಲಜಾಕ್ಷಿ.

ಪರೀಕ್ಷಾ ಮಂಡಳಿ ಕಳಿಸಿದ್ದ ವೀಡಿಯೊವನ್ನು ತಬಸ್ಸುಮ್ ಇನ್ನೊಂದು ಸಲ ಹಾಕಿದಳು. ಮಕ್ಕಳ ಲೆಕ್ಕ ತಿದ್ದುವ 'ತಾಳೆ' ಆ್ಯಪಿನ ಯಲಹಂಕದ ಕಚೇರಿಯ ಮೂರನೇ ಮಹಡಿಯಲ್ಲಿ ಇಬ್ಬರೂ ಒಂದೇ ಪರದೆಯ ಮುಂದೆ ಕುರ್ಚಿ ಜರುಗಿಸಿಕೊಂಡು ಕೂತಿದ್ದರು. ಮುಂದಿಟ್ಟಿದ್ದ ಕಾಫಿಯ ಮೇಲೆ ಕೆನೆ ಕಟ್ಟಿತ್ತು.

"ಇದೊಂದೇ ಅಲ್ಲ ಅಕ್ಕ. ಹನ್ನೊಂದು ಇಪ್ಪತ್ತಕ್ಕೆ ಒಂದ್ಸಲ. ಹನ್ನೊಂದು ನಲವತ್ತೇಳಕ್ಕೆ ಒಂದ್ಸಲ. ಹನ್ನೆರಡು ಒಂಬತ್ತಕ್ಕೆ ಇನ್ನೊಂದ್ಸಲ. ಪ್ರತಿಸಲಾನೂ ಅದೇ ನಲವತ್ತೊಂದು ಜನ. ರೂಮಲ್ಲಿದ್ದೋರು ಅರವತ್ಮೂರು. ಮಿಕ್ಕ ಇಪ್ಪತ್ತೆರಡು ಮಕ್ಕಳಿಗೆ ಏನೂ ಆಗಿಲ್ಲ, ಆರಾಮಾಗಿ ಬರ್ಕೊಂಡು ಹೋಗಿದಾವೆ." ತಬಸ್ಸುಮ್ ದನಿ ತಗ್ಗಿಸಿದಳು. "ಮಂಡಳಿಯವರು ಏನಂತಾವ್ರೆ ಗೊತ್ತಾ? ಹೊರಗಡೆಯಿಂದ ಯಾರೋ ಸನ್ನೆ ಮಾಡಿದಾರೆ ಅಂತ."

"ಸನ್ನೆ ಮಾಡೋರು ಸರಿಯುತ್ತರ ಹೇಳ್ಕೊಡ್ತಾರೆ ಕಣೆ. ಸರಿಯಾಗಿರೋದನ್ನ ಹೊಡೆದ್ಹಾಕು ಅಂತ ಯಾರು ಹೇಳ್ತಾರೆ?"

"ಅದನ್ನೇ ನಾನೂ ಕೇಳ್ದೆ. ಸನ್ನೆ ಮಾಡಿದೋನೂ ಲೆಕ್ಕದಲ್ಲಿ ಡುಮ್ಕಿ ಇರ್ಬೇಕು ಸರ್ ಅಂದೆ. ನಗ್ಲಿಲ್ಲ."

ಜಲಜಾಕ್ಷಿಗೂ ನಗು ಬರಲಿಲ್ಲ. ಆ ಪರೀಕ್ಷಾ ಕೇಂದ್ರ ದೊಡ್ಡಬಳ್ಳಾಪುರದ್ದು. ಅವಳ ಊರು. ನಲವತ್ತೊಂದು ನೋಂದಣಿ ಸಂಖ್ಯೆಗಳ ಪಟ್ಟಿಯಲ್ಲಿ ಹದಿನೇಳನೆಯದು ಅವಳಿಗೆ ಬಾಯಿಪಾಠವಾಗಿತ್ತು. ತನ್ನ ಮಗಳು ಹಂಸಿನಿಯ ಪ್ರವೇಶಪತ್ರವನ್ನು ತಾನೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಳಿಸಿದ್ದಳು.

ಅಷ್ಟರಲ್ಲಿ ಫೋನು ಬಂತು. ಪರೀಕ್ಷಾ ಮಂಡಳಿಯ ವಿಚಾರಣಾಧಿಕಾರಿ ರುದ್ರಾರಾಧ್ಯ. ಜೋರಾಗಿ ಮಾತಾಡುವ ಮನುಷ್ಯನಲ್ಲ. ಮೆತ್ತಗೆ, ಒಂದೊಂದೇ ಮಾತನ್ನು ಇಟ್ಟಿಟ್ಟು ಆಡುವವರು. ಅದೇ ಹೆಚ್ಚು ಭಯ.

"ನೋಡಿ ಮೇಡಂ, ಆ ಊರಲ್ಲಿ ಮಕ್ಕಳೆಲ್ಲ ನಿಮ್ಮ 'ತಾಳೆ' ಇಟ್ಕೊಂಡೇ ಓದಿರೋದು. ನಾಳೆ ಐದು ಗಂಟೆಗೆ ಫಲಿತಾಂಶಕ್ಕೆ ಮೊಹರು ಬೀಳುತ್ತೆ. ಅಷ್ಟರಲ್ಲಿ ಕಾರಣ ಗೊತ್ತಾಗ್ಲಿಲ್ಲ ಅಂದ್ರೆ ನಲವತ್ತೊಂದು ಮಕ್ಕಳನ್ನೂ ನಕಲು ಅಂತ ಡಿಬಾರ್ ಮಾಡ್ತೀವಿ. ಮೂರು ವರ್ಷ. ಕಾರಣ ಸಿಕ್ಕಿ, ಅದು ಮಕ್ಕಳ ತಪ್ಪಲ್ಲ ಅಂತಾದ್ರೆ, ಹೊಡೆದುಹಾಕಿರೋ ಉತ್ತರಗಳನ್ನೂ ಓದಿ ಅಂಕ ಕೊಡಕ್ಕೆ ನನಗೆ ಅಧಿಕಾರ ಇದೆ. ಇಲ್ಲಾಂದ್ರೆ ಅಡ್ಡಗೀಟು ಬಿದ್ದದ್ದನ್ನ ನಾವು ಓದೋ ಹಾಗಿಲ್ಲ."

"ಸರ್, ಆ ಪಟ್ಟೀಲಿ..."

"ನಿಮ್ಮ ಮಗಳಿದಾಳೆ. ಗೊತ್ತು. ಅದಕ್ಕೇ ಮೊದಲು ನಿಮಗೇ ಫೋನ್ ಮಾಡಿದ್ದು."

ಈ ಮಾತಿಗೆ ಎರಡು ಅರ್ಥ ಇರಬಹುದೆಂದು ಅವಳಿಗೆ ಹೊಳೆದದ್ದು ಫೋನು ಇಟ್ಟ ಮೇಲೆ.

'ತಾಳೆ' ಬಂದು ಆರು ವರ್ಷವಾಗಿತ್ತು. ಬರೆಯುವ ರಟ್ಟಿನ ತುದಿಗೆ ಒಂದು ಕ್ಲಿಪ್ಪು, ಕ್ಲಿಪ್ಪಿಗೆ ಒಂದು ಕಡ್ಡಿ, ಕಡ್ಡಿಯ ತುದಿಯಲ್ಲಿ ಬಗ್ಗಿ ನೋಡುವ ಫೋನು. ಮಗು ಲೆಕ್ಕ ಮಾಡುತ್ತ ಹೋದಂತೆ ಫೋನಿನ ಕಣ್ಣು ಸಾಲು ಸಾಲಾಗಿ ಓದುತ್ತ ಬರುತ್ತಿತ್ತು. ಮೊದಮೊದಲು ತಪ್ಪಾದ ಕೂಡಲೇ ಕೆಂಪು ಬಣ್ಣ ತೋರಿಸಿ ಟಣ್ಣೆನ್ನುತ್ತಿತ್ತು. ಮಕ್ಕಳು ಬೆಚ್ಚಿಬೀಳುತ್ತಿದ್ದರು, ಅಪ್ಪಂದಿರು ಅಡುಗೆಮನೆಯಿಂದಲೇ "ಮತ್ತೆ ತಪ್ಪಾ?" ಎಂದು ಕೂಗುತ್ತಿದ್ದರು. ಹಾಗಾಗಿ ಸದ್ದು ತೆಗೆದು ಮಿಡಿತ ಇಟ್ಟರು. ತಪ್ಪಾದರೆ ರಟ್ಟು ಒಂದು ಸಲ ಸಣ್ಣಗೆ ನಡುಗುತ್ತದೆ, ಅಷ್ಟೆ. ಮಣಿಕಟ್ಟಿಗೆ ಮಾತ್ರ ತಿಳಿಯುವ ಗುಟ್ಟು. ಮಗು ತಾನೇ ಕಂಡುಕೊಂಡಂತೆ ತಪ್ಪನ್ನು ಹೊಡೆದುಹಾಕಿ ಮುಂದೆ ಹೋಗುತ್ತದೆ. ನಾಡಿನ ತುಂಬ ಲೆಕ್ಕದ ಭಯವೇ ಇಳಿಯಿತು. ಕಿರುಪರೀಕ್ಷೆಗಳನ್ನೂ 'ತಾಳೆ' ಇಟ್ಟುಕೊಂಡೇ ಬರೆಸತೊಡಗಿದರು. ವರ್ಷದ ಕೊನೆಯ ಒಂದು ಪರೀಕ್ಷೆಗೆ ಮಾತ್ರ ಫೋನನ್ನು ಹೊರಗಿಟ್ಟು ಹೋಗಬೇಕಾಗಿತ್ತು.

ಆ ಮಿಡಿತವನ್ನು ಹದಗೊಳಿಸುವುದೇ ಜಲಜಾಕ್ಷಿಯ ಕೆಲಸ.

ಅವಳು ಮನೆ ಮುಟ್ಟಿದಾಗ ಇನ್ನೂ ನಾಲ್ಕೂವರೆ. ಬೀದಿಯ ತಿರುವಿನಿಂದಲೇ ಮಗ್ಗಗಳ ಸದ್ದು. ಆ ಊರಲ್ಲಿ ಅದು ಸದ್ದೆಂದು ಯಾರಿಗೂ ಅನ್ನಿಸುವುದಿಲ್ಲ. ಮನೆಯ ಮುಂದಿನ ಅಂಕಣದಲ್ಲಿ ಎರಡು ಪವರ್‌ಲೂಮು, ಹಿಂದೆ ಸಂಸಾರ. ನೆಲ, ಗೋಡೆ, ಗೋಡೆಗೆ ಒರಗಿಸಿದ ಮಂಚ, ನೀರಿನ ಬಿಂದಿಗೆ, ಎಲ್ಲವೂ ಬೆಳಗಿನಿಂದ ಸಂಜೆಯವರೆಗೆ ಒಂದೇ ಸಮ ಅದುರುತ್ತಿರುತ್ತವೆ. ಹುಟ್ಟಿದ ಮಗು ಆ ಅದುರಿನಲ್ಲೇ ನಿದ್ದೆ ಕಲಿಯುತ್ತದೆ.

ಗಂಡ ಲಕ್ಷ್ಮೀಪತಿ ಮಗ್ಗದ ಸದ್ದಿನ ಮೇಲೆ ಕೂಗಿ ಹೇಳಿದ: "ಹಂಸೂ, ನಿಮ್ಮಮ್ಮ ಬೆಳಕಿದ್ದಂಗೇ ಮನೇಗ್ ಬಂದವ್ಳೆ! ಒಂದೋ ಜ್ವರ, ಇಲ್ಲಾ ಕೆಲ್ಸ ಹೋಗೈತೆ!"

"ಎರಡೂ ಬರೋ ಹಂಗಿದೆ, ಸುಮ್ನಿರಿ," ಅಂದು ಅವಳು ನೇರ ಒಳಗೆ ಹೋದಳು.

ಹಂಸಿನಿ ನೆಲದ ಮೇಲೆ ಚಕ್ಕಂಬಟ್ಟಲು ಹಾಕಿ ಕೂತು ಕಡಲೆಪುರಿ ಮುಕ್ಕುತ್ತಿದ್ದಳು. ಪರೀಕ್ಷೆ ಮುಗಿದು ಎಂಟು ದಿನ. ಮುಖದಲ್ಲಿ ರಜೆಯ ಮೈಗಳ್ಳತನ ಇತ್ತು.

"ಲೆಕ್ಕದ ಪೇಪರಲ್ಲಿ ಏನ್ ಮಾಡಿದೆ?"

"ಏನ್ ಮಾಡ್ದೆ ಅಂದ್ರೆ? ಬರ್ದೆ."

"ಶಂಕುವಿನ ಲೆಕ್ಕ. ತ್ರಿಜ್ಯ ಏಳು, ಎತ್ತರ ಹನ್ನೆರಡು. ಆರುನೂರ ಹದಿನಾರು ಅಂತ ಸರಿಯಾಗಿ ಬರೆದು, ಆಮೇಲೆ ಯಾಕೆ ಹೊಡೆದ್ಹಾಕಿದೆ?"

ಹುಡುಗಿಯ ಕೈ ಪುರಿಯ ತಟ್ಟೆಯಲ್ಲೇ ನಿಂತಿತು. "ಅದು ಸರಿ ಇತ್ತಾ?"

"ಯಾರು ಹೇಳಿದ್ರು ನಿಂಗೆ, ತಪ್ಪು ಅಂತ? ಯಾರಾದ್ರೂ ಹೊರಗಡೆಯಿಂದ ಏನಾದ್ರೂ..."

"ಪೋಲೀಸ್ನೋರ ಥರ ಕೇಳ್ಬೇಡಮ್ಮಾ! ಯಾರೂ ಹೇಳ್ಲಿಲ್ಲ. ತಪ್ಪು ಅನ್ನಿಸ್ತು. ಅಷ್ಟೆ. ನಾಕ್ ಸಲ ಅನ್ನಿಸ್ತು."

"ಅನ್ನಿಸ್ತು ಅಂದ್ರೆ? ಲೆಕ್ಕ ನೋಡಿ ಅನ್ನಿಸ್ತಾ?"

ಹಂಸಿನಿ ಯೋಚಿಸಿದಳು. ಸುಳ್ಳು ಹೇಳುವವಳ ಹಾಗೆ ಅಲ್ಲ. ಕಳೆದ ವಸ್ತುವನ್ನು ಎಲ್ಲಿಟ್ಟೆ ಎಂದು ನೆನೆಯುವವಳ ಹಾಗೆ. "ಲೆಕ್ಕ ನೋಡ್ಲಿಲ್ಲಮ್ಮ. ಕೈಗೆ ಅನ್ನಿಸ್ತು."

ಜಲಜಾಕ್ಷಿ ಹಳೆಯ ನೋಟುಪುಸ್ತಕ ಒಂದನ್ನು ಎಳೆದು ಅವಳ ಮುಂದೆ ಹಾಕಿದಳು. ಫೋನಿಲ್ಲ, ಕಡ್ಡಿಯಿಲ್ಲ, ಬರೀ ಪುಸ್ತಕ. ಒಂದು ವರ್ಗ ಸಮೀಕರಣ ಕೊಟ್ಟು ಬಿಡಿಸು ಅಂದಳು. ಹುಡುಗಿ ಗೊಣಗಿಕೊಂಡೇ ಶುರು ಮಾಡಿದಳು. ಒಂದು ಸಾಲು, ಎರಡು ಸಾಲು. ಎಲ್ಲ ಸರಿ. ಮೂರನೆಯ ಸಾಲು ಮುಗಿಯುವ ಹೊತ್ತಿಗೆ ಮುಂದಿನ ಅಂಕಣದಲ್ಲಿ ಲಕ್ಷ್ಮೀಪತಿಯ ಮಗ್ಗದ ಎಳೆ ಕಿತ್ತಿತು. ಗಂಟು ಹಾಕಲು ಅವನು ಎರಡೂ ಮಗ್ಗ ನಿಲ್ಲಿಸಿದ. ನೆಲದ ಅದುರು ನಿಂತಿತು.

ಹಂಸಿನಿಯ ಪೆನ್ನು ಹಿಂದಕ್ಕೆ ಬಂದು ಮೂರನೆಯ ಸಾಲಿಗೆ ಅಡ್ಡಗೀಟು ಎಳೆಯಿತು.

ಅಮ್ಮ, ಮಗಳು ಇಬ್ಬರೂ ಆ ಗೀಟನ್ನೇ ನೋಡಿದರು.

ಜಲಜಾಕ್ಷಿಗೆ ನೆನಪಾಯಿತು. ಎರಡು ವರ್ಷದ ಹಿಂದೆ ಇದೇ ಜಾಗದಲ್ಲಿ ಕೂತು ಇದೇ ಮಗಳು ಅತ್ತಿದ್ದಳು. "ಅಮ್ಮ, ಮಗ್ಗ ಓಡ್ತಿದ್ರೆ ಫೋನಿಂದು ಗೊತ್ತೇ ಆಗಲ್ಲ" ಎಂದಿದ್ದಳು. ಮನೆಯೇ ಅದುರುವಾಗ ಫೋನಿನ ಸಣ್ಣ ನಡುಕ ಯಾವ ಮೂಲೆಗೆ? ಜಲಜಾಕ್ಷಿ ಹತ್ತು ದಿನ ತಲೆ ಕೆಡಿಸಿಕೊಂಡು ಒಂದು ಉಪಾಯ ಹೂಡಿದಳು. ಫೋನು ಮಗ್ಗದ ಲಯವನ್ನು ಕೇಳಿಸಿಕೊಂಡು, ಅದೇ ಲಯದಲ್ಲಿ ರಟ್ಟನ್ನು ಮಿಡಿಸುತ್ತಲೇ ಇರಬೇಕು. ಮಗ್ಗ ನಿಂತರೂ ಮಿಡಿಸಬೇಕು. ಲೆಕ್ಕ ತಪ್ಪಿದಾಗ ಮಾತ್ರ ಒಂದು ಕ್ಷಣ ನಿಲ್ಲಿಸಬೇಕು. ಉಳಿದ ಮಕ್ಕಳಿಗೆ ನಡುಗಿದರೆ ತಪ್ಪು, ಮಗ್ಗದ ಮನೆಯ ಮಕ್ಕಳಿಗೆ ನಿಂತರೆ ತಪ್ಪು. ಮಗಳು ಒಂದೇ ವಾರದಲ್ಲಿ ಕಲಿತಳು. ಅದನ್ನು ಊರಿನ ಮಗ್ಗದ ಮನೆಗಳಿಗೆಲ್ಲ ಕೊಟ್ಟರು. ಕಚೇರಿಯಲ್ಲಿ ಶಾಲು ಹೊದಿಸಿ ಫೋಟೊ ತೆಗೆದಿದ್ದರು.

ಪರೀಕ್ಷೆ ನಡೆದ ಶಾಲೆಯ ಹಿಂಗೋಡೆಗೆ ಅಂಟಿಕೊಂಡೇ ಅರವತ್ತು ಮಗ್ಗದ ಶೆಡ್ಡು. ಫೋನು ಹೊರಗೆ. ಬೆಂಚಿನ ತುಂಬ ಮಗ್ಗದ ಅದುರು. ಅದು ನಿಂತಾಗಲೆಲ್ಲ...

"ನನ್ ಕೈ ಯಾಕಮ್ಮ ಹಂಗ್ ಮಾಡ್ತು?" ಹಂಸಿನಿಯ ದನಿ ಸಣ್ಣದಾಗಿತ್ತು.

ಹೇಳಬಾರದಿತ್ತು. ಆ ಹೊತ್ತಿಗೆ ಜಲಜಾಕ್ಷಿಗೆ ಕಂಡದ್ದು ಮಗಳ ಮುಖ ಮಾತ್ರ. ಎಲ್ಲವನ್ನೂ ಹೇಳಿಬಿಟ್ಟಳು.

ಹುಡುಗಿ ಅಂಗೈ ಮೇಲೆ ಮಾಡಿ ನೋಡಿಕೊಂಡಳು. "ಅಂದ್ರೆ ಇಷ್ಟ್ ದಿನ ನಾನು ಲೆಕ್ಕಾನೇ ನೋಡ್ತಿರ್ಲಿಲ್ವಾ? ಅದು ನಿಂತಾಗ ಹೊಡಿಯೋದು, ಓಡ್ತಿದ್ರೆ ಬರಿಯೋದು. ನಾನೂ ಒಂದು ಮಗ್ಗಾನೇ ಅನ್ನು."

"ಹಂಗೆಲ್ಲ ಅನ್ಬೇಡ ಚಿನ್ನಿ."

"ನೀನು ನಂಗೆ ಒಳ್ಳೇದಾಗ್ಲಿ ಅಂತಾನೇ ಮಾಡಿದ್ದು. ನಂಗೊತ್ತು." ಅವಳು ಪುರಿಯ ತಟ್ಟೆಯನ್ನು ದೂರ ತಳ್ಳಿದಳು. "ಅದಕ್ಕೇ ಬೈಯಕ್ಕೂ ಆಗ್ತಿಲ್ಲ."

ಬೆಳಗ್ಗೆ ತಬಸ್ಸುಮ್ ಪರೀಕ್ಷೆಯ ದಿನದ ವಿದ್ಯುತ್ ದಾಖಲೆ ತರಿಸಿದಳು. ಶೆಡ್ಡಿನದು ತ್ರೀ ಫೇಸ್ ಲೈನು, ಶಾಲೆಯದು ಬೇರೆ ಲೈನು. ಆ ಬೆಳಗ್ಗೆ ತ್ರೀ ಫೇಸ್ ನಾಲ್ಕು ಸಲ ಹೋಗಿತ್ತು. ಹತ್ತು ಐವತ್ತೆರಡು. ಹನ್ನೊಂದು ಇಪ್ಪತ್ತು. ಹನ್ನೊಂದು ನಲವತ್ತೇಳು. ಹನ್ನೆರಡು ಒಂಬತ್ತು. ಕೊಠಡಿಯ ಫ್ಯಾನು ತಿರುಗುತ್ತಲೇ ಇದ್ದದ್ದರಿಂದ ಮೇಲ್ವಿಚಾರಕರಿಗೆ ಕರೆಂಟು ಹೋದದ್ದು ತಿಳಿದಿರಲಿಲ್ಲ. ನಲವತ್ತೊಂದು ಮಕ್ಕಳೂ ಮಗ್ಗದ ಮನೆಯವರು. ಇಪ್ಪತ್ತೆರಡು ಮಕ್ಕಳು ಅಲ್ಲ.

"ಮುಗೀತು ಅಕ್ಕ!" ತಬಸ್ಸುಮ್ ಮೇಜು ಕುಟ್ಟಿದಳು. "ಎಲ್ಲಾ ಹೊಂದ್ಕೊಂಡ್ ಬಿಡ್ತು. ಬಿರಿಯಾನಿ ನಿಮ್ ಲೆಕ್ಕ."

ರುದ್ರಾರಾಧ್ಯರು ಪರದೆಯ ಆ ಬದಿಯಲ್ಲಿ ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಎರಡೂ ಪಟ್ಟಿ ನೋಡಿದರು.

"ಸಮಯ ಹೊಂದುತ್ತೆ. ಒಪ್ಪಿದೆ," ಅಂದರು. "ಆದ್ರೆ ಮೇಡಂ, ಇದನ್ನೇ ತಿರುಗಿಸಿ ಹೇಳ್ಲಾ? ಮಗ್ಗ ನಿಂತ್ರೆ ಒಂದು ಸನ್ನೆ ಅಂತ ಮಕ್ಕಳಿಗೆ ಎರಡು ವರ್ಷ ಅಭ್ಯಾಸ ಮಾಡಿಸಿದೋರು ನೀವು. ಪರೀಕ್ಷೆ ದಿನ ಮಗ್ಗ ನಿಲ್ತು. ನಿಮ್ಮ ಯಜಮಾನ್ರು ಮಗ್ಗದೋರು. ನಿಮ್ಮ ಮಗಳು ಕೊಠಡಿ ಒಳಗಿದ್ಲು."

ಜಲಜಾಕ್ಷಿ ಪರದೆಯ ಹತ್ತಿರಕ್ಕೆ ಬಗ್ಗಿದಳು. "ಸರ್, ಸರಿಯುತ್ತರ ಕೆಡಿಸೋಕೆ ಯಾರಾದ್ರೂ..."

"ಲೆಕ್ಕಾಚಾರ ಕೈಕೊಟ್ಟಿರಬಹುದು. ನಾನು ಹಾಗಂತ ಹೇಳ್ತಿಲ್ಲ. ನಾಳೆ ಯಾರಾದ್ರೂ ಹಾಗೆ ಕೇಳಿದ್ರೆ ನನ್ನ ಹತ್ರ ಉತ್ತರ ಇರಬೇಕು, ಅಷ್ಟೆ. ಮಧ್ಯಾಹ್ನ ಮೂರಕ್ಕೆ ಅದೇ ಕೊಠಡಿ, ಅದೇ ಬೆಂಚು. ನಲವತ್ತೊಂದು ಮಕ್ಕಳನ್ನೂ ಕರೆಸಿ. ಕೈಬರಹ ಹೋಲಿಸೋಕೆ ಅಂತ ಹೇಳಿ, ಸುಲಭದ ಲೆಕ್ಕ ಕೊಡಿ. ನಾನು ಶೆಡ್ಡಲ್ಲಿರ್ತೀನಿ. ನನಗೆ ಬೇಕಾದಾಗ ಮೂರು ಸಲ ಮೇನ್ ಇಳಿಸ್ತೀನಿ. ಯಾವಾಗ ಅಂತ ನಿಮಗೂ ಹೇಳಲ್ಲ. ಮೂರರಲ್ಲಿ ಎರಡು ಸಲ ಕೈ ತಾನಾಗಿ ಗೀಟೆಳೆದ್ರೆ ಆ ಮಗುವಿನ ಹೊಡೆದುಹಾಕಿದ್ದನ್ನ ಓದ್ತೀನಿ. ಒಂದೊಂದು ಮಗೂದೂ ಬೇರೆ ಬೇರೆ ತೀರ್ಮಾನ." ಅವರು ಕನ್ನಡಕ ಸರಿಮಾಡಿಕೊಂಡರು. "ಮಕ್ಕಳಿಗೆ ವಿಷಯ ಗೊತ್ತಿರಬಾರದು. ಯಾರಿಗೂ ಹೇಳಿಲ್ಲ ತಾನೆ?"

"ಇಲ್ಲ ಸರ್," ಅಂದಳು ಜಲಜಾಕ್ಷಿ.

ಅದು ಬಾಯಿಂದ ಹೊರಟೇಹೋಯಿತು. ತಬಸ್ಸುಮ್ ಅವಳತ್ತ ತಿರುಗಿ ನೋಡಿದಳು.

ಎರಡೂ ಮುಕ್ಕಾಲಿಗೆ ಶಾಲೆಯ ನಲ್ಲಿಯ ಹತ್ತಿರ ಹಂಸಿನಿ ಸಿಕ್ಕಳು. ಮಿಕ್ಕ ಮಕ್ಕಳು ಬೇವಿನ ಮರದ ಕೆಳಗೆ ಗುಂಪುಗಟ್ಟಿ, ಕೈಬರಹ ಹೋಲಿಸುತ್ತಾರಂತೆ, ಯಾರದೋ ಪೇಪರು ಅದಲುಬದಲಾಗಿದೆಯಂತೆ ಎಂದು ಗಲಗಲ ಅನ್ನುತ್ತಿದ್ದರು.

"ಯಾರಿಗಾದ್ರೂ ಹೇಳ್ದ್ಯಾ?"

"ಇಲ್ಲ. ನೀನು ಬೇಡ ಅಂದ್ಯಲ್ಲ."

"ನೋಡು, ಏನೂ ತಡೀಬೇಡ. ಯೋಚ್ನೆ ಮಾಡ್ಬೇಡ. ಕೈ ಹೆಂಗೆ ಹೋಗುತ್ತೋ ಹಂಗೆ ಬಿಟ್ಬಿಡು."

"ಬೇಕಂತ ಹೊಡೀಬೇಕಾ?"

"ಬೇಕಂತ ಅಲ್ಲ ಕಣೇ. ತಾನಾಗೇ."

"ಗೊತ್ತಾದ್ಮೇಲೆ ತಾನಾಗೇ ಅಂತ ಎಲ್ಲಿ ಬಂತಮ್ಮ? ಬಿಟ್ರೆ ನಾನೇ ಬಿಟ್ಟಂಗೆ. ತಡೆದ್ರೆ ನಾನೇ ತಡೆದಂಗೆ."

"ಹಂಸೂ, ಈಗ ತರ್ಕ ಬೇಡ. ನಲವತ್ತೈದು ಅಂಕ ಬರ್ಬೇಕಾದ ಪೇಪರ್ ಅದು. ಗೀಟು ಬಿದ್ದಿದ್ದು ಬಿಟ್ರೆ ಇಪ್ಪತ್ತೊಂಬತ್ತು. ಫೇಲು."

ಹುಡುಗಿ ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಒಳಗೆ ಹೋದಳು.

ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಪರದೆ ಹಾಕಿದ್ದರು. ನಲವತ್ತೊಂದು ಚೌಕ, ಒಂದೊಂದರಲ್ಲಿ ಒಂದೊಂದು ಕೈ. ಗೋಡೆಯಾಚೆಯ ಅರವತ್ತು ಮಗ್ಗಗಳ ಅದುರು ಕುರ್ಚಿಯ ಕಾಲಿನಿಂದ ಜಲಜಾಕ್ಷಿಯ ಬೆನ್ನಿಗೆ ಹತ್ತುತ್ತಿತ್ತು. ತಬಸ್ಸುಮ್ ಹದಿನೇಳನೆಯ ಚೌಕವನ್ನು ಕೊಂಚ ದೊಡ್ಡದು ಮಾಡಿ, ಬೇಡವೆನಿಸಿ ಮತ್ತೆ ಚಿಕ್ಕದು ಮಾಡಿದಳು.

ಐದು ನಿಮಿಷ. ಹತ್ತು ನಿಮಿಷ. ಪೆನ್ನುಗಳು ಓಡುತ್ತಿದ್ದವು.

ನೆಲ ನಿಂತಿತು.

ಮೂವತ್ತೆಂಟು ಕೈಗಳು ಹಿಂದಕ್ಕೆ ಬಂದು ಗೀಟೆಳೆದವು. ತಬಸ್ಸುಮ್ "ಯಾ ಅಲ್ಲಾ" ಎಂದು ಬಾಯಿ ಮುಚ್ಚಿಕೊಂಡಳು. ತಿಳಿದಿದ್ದರೂ ಕಣ್ಣಾರೆ ನೋಡುವುದು ಬೇರೆ. ಒಬ್ಬರ ಕೈಯನ್ನು ಇನ್ನೊಬ್ಬರು ಹಿಡಿದು ಬರೆಸಿದಂತೆ ಇತ್ತು. ಎರಡು ಕೈಗಳು ಆಗತಾನೇ ಹಾಳೆ ಮಗುಚುತ್ತಿದ್ದವು. ಇನ್ನೊಂದು ಹಂಸಿನಿಯದು. ಪೆನ್ನು ಎದ್ದಿತ್ತು. ಗಾಳಿಯಲ್ಲೇ ನಿಂತಿತ್ತು.

ಮಗ್ಗ ಮತ್ತೆ ಶುರುವಾಯಿತು. ಹಂಸಿನಿಯ ಪೆನ್ನು ಇಳಿದು ಮುಂದಿನ ಸಾಲಿಗೆ ಹೋಯಿತು.

"ಒಂದಲ್ವಾ ಅಕ್ಕ. ಇನ್ನೂ ಎರಡಿದೆ," ಅಂದಳು ತಬಸ್ಸುಮ್.

ಜಲಜಾಕ್ಷಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಳು. ಹದಿನೈದು ವರ್ಷ ಈ ಮಗಳ ಕೈ ತಪ್ಪು ಮಾಡದಿರಲಿ ಎಂದು ಬೇಡಿಕೊಂಡವಳು. ಅಕ್ಷರ ತಿದ್ದಿಸಿದವಳು, ಮಗ್ಗಿ ಒಪ್ಪಿಸಿಕೊಂಡವಳು, ದುಡಿದು ಬಂದು ಕಣ್ಣು ಎಳೆಯುತ್ತಿದ್ದರೂ ಒಂದೊಂದು ಲೆಕ್ಕ ನೋಡಿದವಳು. ಈಗ ಪರದೆಗೆ ಕಣ್ಣು ನೆಟ್ಟು, ಒಂದೇ ಒಂದು ತಪ್ಪು ಮಾಡು ತಾಯಿ, ಗೀಟೆಳಿ, ನಿನ್ನ ದಮ್ಮಯ್ಯ, ಎಂದು ಒಳಗೊಳಗೇ ಕೈಮುಗಿಯುತ್ತಿದ್ದಳು.

ಎರಡನೆಯ ಸಲ ನೆಲ ನಿಂತದ್ದು ನಾಲ್ಕೇ ನಿಮಿಷಕ್ಕೆ. ನಲವತ್ತು ಕೈ.

ಹಂಸಿನಿ ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಹಿಡಿದುಕೊಂಡಿದ್ದಳು. ಬೆರಳುಗಳು ಬಿಳುಚಿಕೊಂಡಿದ್ದವು. ಮಗ್ಗ ಶುರುವಾಗುವವರೆಗೆ ಬಿಡಲಿಲ್ಲ. ಆಮೇಲೆ, ಯಾರೂ ಹೇಳದೆ, ತಾನು ಬರೆದ ಸಾಲನ್ನು ಮೊದಲಿನಿಂದ ಬೆರಳಿಟ್ಟು ಓದಿದಳು. ತುಟಿ ಅಲುಗುತ್ತಿತ್ತು. ಓದಿ ಮುಗಿಸಿ ಮುಂದೆ ಹೋದಳು.

ಜಲಜಾಕ್ಷಿ ಸೆರಗು ಸುತ್ತುವುದನ್ನು ಬಿಟ್ಟು ಆ ಬೆರಳನ್ನೇ ನೋಡಿದಳು. ಮಗಳು ಲೆಕ್ಕವನ್ನು ಹೀಗೆ ತಿರುಗಿ ಓದಿದ್ದನ್ನು ಅವಳು ಈ ಆರು ವರ್ಷದಲ್ಲಿ ನೋಡಿರಲಿಲ್ಲ.

ಮೂರನೆಯ ಸಲ ನಿಂತಾಗಲೂ ನಲವತ್ತು ಕೈ. ಹಂಸಿನಿ ಈ ಸಲ ಮಣಿಕಟ್ಟು ಹಿಡಿಯಲಿಲ್ಲ. ಪೆನ್ನನ್ನು ಬೆಂಚಿನ ಮೇಲೆ ಇಟ್ಟುಬಿಟ್ಟಳು. ಕೈಕಟ್ಟಿ ಕೂತಳು.

ರುದ್ರಾರಾಧ್ಯರು ಶೆಡ್ಡಿನಿಂದ ಬಂದಾಗ ಅಂಗಿಯ ಮೇಲೆಲ್ಲ ನೂಲಿನ ಧೂಳು. ಕೂರದೆ ಪಟ್ಟಿ ನೋಡಿದರು, ಚಿತ್ರ ನೋಡಿದರು, ತಮ್ಮ ಜೇಬಿನ ಡೈರಿಯಲ್ಲಿ ಬರೆದುಕೊಂಡಿದ್ದ ಹೊತ್ತಿನೊಂದಿಗೆ ಒಂದೊಂದನ್ನೂ ಹೊಂದಿಸಿದರು. ಗೋಡೆಯ ಗಡಿಯಾರ ನಾಲ್ಕು ಹತ್ತು ತೋರಿಸುತ್ತಿತ್ತು.

"ನಲವತ್ತು ಮಕ್ಕಳದು ಖಾತ್ರಿಯಾಯ್ತು. ಸನ್ನೆ ಅಲ್ಲ, ಸಂಚೂ ಅಲ್ಲ. ಹೊಡೆದುಹಾಕಿದ್ದನ್ನ ಓದಿಸ್ತೀನಿ," ಅಂದರು. ಆಮೇಲೆ ತಲೆ ಎತ್ತಿದರು. "ಒಂದು ಉಳೀತು."

"ಅವಳಿಗೆ ಗೊತ್ತಿತ್ತು ಸರ್," ಅಂದಳು ಜಲಜಾಕ್ಷಿ. "ನಾನೇ ನಿನ್ನೆ ಹೇಳ್ಬಿಟ್ಟಿದ್ದೆ."

"ಬೆಳಗ್ಗೆ ಕೇಳಿದೆ. ಇಲ್ಲ ಅಂದ್ರಿ."

"ಸುಳ್ಳು ಹೇಳ್ದೆ."

ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಹಂಸಿನಿಯನ್ನು ಕರೆಸಿದರು. ಹುಡುಗಿ ಬಾಗಿಲಲ್ಲಿ ಬಂದು ನಿಂತಳು.

"ಮಗು, ಮಗ್ಗ ನಿಂತಾಗ ನಿನಗೆ ಏನೂ ಅನ್ನಿಸ್ಲಿಲ್ವಾ?"

"ಅನ್ನಿಸ್ತು ಸರ್. ಹೊಡೀಬೇಕು ಅಂತ ಭಾರೀ ಅನ್ನಿಸ್ತು. ಮೊದಲ್ನೇ ಸಲ ಅಳು ಬಂತು."

"ಹೊಡೆದಿದ್ರೆ ಅಂಕ ಬರ್ತಿತ್ತು. ನಿಮ್ಮಮ್ಮ ಹೇಳಿರ್ಬೇಕಲ್ಲ?"

"ಹೇಳಿದ್ರು." ಹಂಸಿನಿ ಅಮ್ಮನ ಕಡೆ ನೋಡಲಿಲ್ಲ. "ಉತ್ತರ ಸರಿ ಇತ್ತು ಸರ್. ತಿರುಗಿ ಓದ್ದೆ, ಸರೀನೇ ಇತ್ತು. ಸರಿ ಇರೋದನ್ನ ಎಷ್ಟ್ ಸಲ ಅಂತ ಹೊಡೀಲಿ?"

ರುದ್ರಾರಾಧ್ಯರು ಕನ್ನಡಕ ತೆಗೆದರು, ಒರೆಸಲಿಲ್ಲ, ಹಾಗೇ ಹಿಡಿದುಕೊಂಡರು.

"ನಾನು ನಿನ್ನ ಮಾತು ನಂಬ್ತೀನಮ್ಮ," ಅಂದರು ಕೊನೆಗೆ. "ನಕಲು ಅಂತ ಬರೆಯಲ್ಲ. ಡಿಬಾರ್ ಇಲ್ಲ. ಆದ್ರೆ ಗೀಟು ಬಿದ್ದದ್ದನ್ನ ಓದೋಕೆ ನನಗೆ ನಂಬಿಕೆ ಸಾಲಲ್ಲ, ಪುರಾವೆ ಬೇಕು. ಉಳಿದ ನಲವತ್ತು ಜನ ಪುರಾವೆ ಕೊಟ್ಟಿದಾರೆ. ನೀನು ಕೊಟ್ಟಿಲ್ಲ. ನಿನ್ನದು ಇಪ್ಪತ್ತೊಂಬತ್ತೇ. ಜೂನ್‌ನಲ್ಲಿ ಪೂರಕ ಪರೀಕ್ಷೆ ಇದೆ."

"ಸರ್, ತಪ್ಪು ನಂದು," ಜಲಜಾಕ್ಷಿ ಎದ್ದು ನಿಂತಿದ್ದಳು. "ಅವಳಿಗೆ ಹೇಳಿದ್ದು ನಾನು, ಆ ಮಿಡಿತ ಮಾಡಿದ್ದೂ ನಾನು. ಶಿಕ್ಷೆ ನನಗೆ ಕೊಡಿ."

"ನಿಮ್ಮದು ಬೇರೆ ಕಾಗದ ಮೇಡಂ. ಅದು ನಿಮ್ಮ ಕಚೇರಿಗೆ ಹೋಗುತ್ತೆ." ಅವರು ಚೀಲದಿಂದ ಒಂದು ನಮೂನೆ ತೆಗೆದು ಹುಡುಗಿಯ ಮುಂದಿಟ್ಟರು. "ಪೂರಕ ಪರೀಕ್ಷೆಯ ಅರ್ಜಿ. ಐದರೊಳಗೆ ಕೊಟ್ರೆ ನಾನೇ ತಗೊಂಡು ಹೋಗ್ತೀನಿ."

ಹೊರಗೆ ಬೇವಿನ ಮರದ ಕೆಳಗೆ ಸುದ್ದಿ ಮುಟ್ಟಿತ್ತು. ಮಕ್ಕಳು ಕೇಕೆ ಹಾಕುತ್ತಿದ್ದರು. ಯಾರೋ ಗೋಡೆಯಾಚೆಗೆ "ಮಗ್ಗ ಓಡ್ಸೀ ಅಣ್ಣಾ!" ಎಂದು ಕೂಗಿದರು, ಶೆಡ್ಡಿನವರು ಏನೋ ಬೈದರು, ಮತ್ತೆ ನಗು. ತಾವು ಬರೆದ ಸರಿಯುತ್ತರಕ್ಕೆ ಇಂದೂ ಗೀಟೆಳೆದು ಬಂದಿದ್ದೇವೆ ಎಂಬುದು ಅವರಲ್ಲಿ ಎಷ್ಟು ಜನರಿಗೆ ಮನಸ್ಸಿಗೆ ಹತ್ತಿತ್ತೋ. ಸೋಮವಾರ ಕಚೇರಿಗೆ ಹೋದೊಡನೆ, ಅಲ್ಲಿ ತನಗೆ ಇನ್ನೂ ಮೇಜು ಇದ್ದರೆ, ಊರಿನ ಅಷ್ಟೂ ಫೋನುಗಳಿಂದ ಆ ಮಿಡಿತವನ್ನು ತೆಗೆಸಬೇಕು ಎಂದುಕೊಂಡಳು ಜಲಜಾಕ್ಷಿ. ಫೋನಿನಿಂದ ತೆಗೆಯಬಹುದು. ಕೈಯಿಂದ ತೆಗೆಯಲು ಅವಳ ಹತ್ತಿರ ಯಾವ ಗುಂಡಿಯೂ ಇರಲಿಲ್ಲ.

ಹಂಸಿನಿ ಜಗಲಿಯ ಮೇಲೆ ಕೂತು, ತೊಡೆಯ ಮೇಲೆ ಅರ್ಜಿ ಇಟ್ಟುಕೊಂಡು ತುಂಬಿದಳು. ಹೆಸರು, ನೋಂದಣಿ ಸಂಖ್ಯೆ, ಹುಟ್ಟಿದ ದಿನ, ವಿಷಯ: ಗಣಿತ. ಒಂದು ಮನೆ ತುಂಬುವುದು, ನಿಲ್ಲಿಸುವುದು, ಬೆರಳಿಟ್ಟು ಓದುವುದು, ಮುಂದಿನ ಮನೆಗೆ ಹೋಗುವುದು. ನಿಧಾನ, ಬಹಳ ನಿಧಾನ. ಗೋಡೆಯಾಚೆ ಮಗ್ಗ ಒಂದು ಸಲ ನಿಂತಿತು. ಅವಳ ಬೆರಳು ಇದ್ದಲ್ಲೇ ಬಿಗಿಯಾಯಿತು. ಉಸಿರು ಬಿಟ್ಟು ಮುಂದುವರಿದಳು.

"ಪೋಷಕರ ಸಹಿ," ಎಂದು ಕಾಗದವನ್ನೂ ಪೆನ್ನನ್ನೂ ಅಮ್ಮನ ಕೈಗೆ ಕೊಟ್ಟಳು.

ಜಲಜಾಕ್ಷಿ ಕನ್ನಡಕವನ್ನು ಮೂಗಿನ ಮೇಲೆ ಏರಿಸಿ ಮೊದಲ ಸಾಲಿನಿಂದ ಓದಲು ಬಗ್ಗಿದಳು. ನೋಂದಣಿ ಸಂಖ್ಯೆಯಲ್ಲಿ ಒಂದು ಅಂಕಿ ಆಚೀಚೆ ಆದರೆ ಜೂನ್ ಕೂಡ ಹೋಯಿತು.

ಹಂಸಿನಿಯ ಅಂಗೈ ಕಾಗದದ ಮೇಲೆ ಬಂದು ಅಕ್ಷರಗಳನ್ನೆಲ್ಲ ಮುಚ್ಚಿತು. ಕೆಳಗಿನ ಖಾಲಿ ಗೆರೆಯೊಂದನ್ನು ಬಿಟ್ಟು.

"ನೋಡ್ಬೇಡಮ್ಮ. ನಾನು ನೋಡಿದೀನಿ. ಸಹಿ ಹಾಕು."

ಅಂಗೈ ಕೆಳಗೆ ಏನಿದೆಯೋ. ಜಲಜಾಕ್ಷಿಯ ಕಣ್ಣು ಆ ಬೆರಳುಗಳ ಸಂದಿಯಲ್ಲಿ ಒಂದು ಅಂಕಿಯನ್ನಾದರೂ ಹುಡುಕಿತು. ಆಮೇಲೆ ಕನ್ನಡಕ ತೆಗೆದು ತೊಡೆಯ ಮೇಲಿಟ್ಟು, ಮಂಜುಮಂಜಾಗಿ ಕಂಡ ಗೆರೆಯ ಮೇಲೆ ತನ್ನ ಹೆಸರು ಬರೆದಳು.